ಎಚ್‌ಐವಿ ಭಯ: ಲಕ್ಷಣ ಹುಡುಕಬೇಡಿ, ದಿನ ಎಣಿಸಿ

ಮೊದಲಿಗೇ ಒಂದು ಮಾತು. ನಿಮ್ಮನ್ನು ಕಾಡುತ್ತಿರುವ ಆ ಲೈಂಗಿಕ ಸಂಪರ್ಕ ನಡೆದು ಇನ್ನೂ 72 ಗಂಟೆ ಕಳೆದಿಲ್ಲ ಎಂದಾದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ವೈದ್ಯರ ಬಳಿಗೆ ಹೊರಡಿ. ಉಳಿದದ್ದನ್ನು ಅಲ್ಲಿ ಸರದಿಗಾಗಿ ಕಾಯುತ್ತಾ ಓದಬಹುದು. ಎಚ್‌ಐವಿ ದೇಹದಲ್ಲಿ ನೆಲೆಯೂರುವ ಮೊದಲೇ ಅದನ್ನು ತಡೆಯಬಲ್ಲ ಮಾತ್ರೆಗಳಿವೆ. ಈ ಚಿಕಿತ್ಸೆಯನ್ನು ಪೆಪ್ ಎನ್ನುತ್ತಾರೆ. 72 ಗಂಟೆಯೊಳಗೆ ಆರಂಭಿಸಿ 28 ದಿನ ತಪ್ಪದೆ ನುಂಗಬೇಕು. ಮೂರನೆಯ ದಿನಕ್ಕಿಂತ ಎರಡನೆಯ ದಿನ ಮೇಲು, ಎರಡನೆಯ ದಿನಕ್ಕಿಂತ ಈಗಿನ ಗಂಟೆ ಮೇಲು. ನಿಮಗೆ ಅದರ ಅಗತ್ಯ ಇದೆಯೇ ಇಲ್ಲವೇ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ನಿಮ್ಮ ಕೆಲಸ ಹೊತ್ತು ಮೀರುವ ಮೊದಲು ಅವರೆದುರು ಕುಳಿತುಕೊಳ್ಳುವುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೂ ಇದೇ ಗಡುವು. ದೂರು ಕೊಡುವುದೋ ಬೇಡವೋ ಎಂಬ ಯೋಚನೆ ಆಮೇಲಾದರೂ ಮಾಡಬಹುದು, ಮಾತ್ರೆ ಮೊದಲು.

ಗಡುವು ದಾಟಿದವರ ಸಂಕಟ ಬೇರೆ ಬಗೆಯದು. ಅದನ್ನು ನಾನು ಹತ್ತಿರದಿಂದ ಕಂಡಿದ್ದು ಒಬ್ಬ ಗೆಳೆಯನಲ್ಲಿ. ರಾತ್ರಿ ಎರಡು ಗಂಟೆಗೆ ಅವನಿಂದ ಫೋನ್ ಬಂತು. ಅಷ್ಟೇನೂ ಪರಿಚಯವಿಲ್ಲದ ಹೆಣ್ಣೊಬ್ಬಳ ಜೊತೆ ಕಳೆದ ಒಂದು ರಾತ್ರಿ, ನಡುವೆ ಹರಿದ ಕಾಂಡೋಮ್. ಫೋನ್ ಮಾಡಿದ್ದು 17ನೆಯ ದಿನ. ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು, ಮೊಬೈಲಿನ ಬೆಳಕನ್ನು ಬಾಯೊಳಗೆ ಬಿಟ್ಟುಕೊಂಡು ನಾಲಿಗೆ ನೋಡಿಕೊಳ್ಳುತ್ತಿದ್ದನಂತೆ. ನಾಲಿಗೆ ಬೆಳ್ಳಗಿತ್ತು. ಕುತ್ತಿಗೆಯ ಬಲಗಡೆ, ದವಡೆಯ ಮೂಳೆಯ ಕೆಳಗೆ, ಬಟಾಣಿ ಗಾತ್ರದ ಗಂಟೊಂದು ಬೆರಳಿಗೆ ಸಿಗುತ್ತಿತ್ತು. ಒತ್ತಿದರೆ ನೋಯುತ್ತಿತ್ತು. ಜ್ವರಮಾಪಕ 37.3 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಹತ್ತು ನಿಮಿಷ ಬಿಟ್ಟು ನೋಡಿದರೆ 37.1. ಎರಡನ್ನೂ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ. "ಎಲ್ಲ ಲಕ್ಷಣವೂ ಹೊಂದುತ್ತಿದೆ" ಎಂದ. ಆ ಸ್ವರದಲ್ಲಿ ಭಯಕ್ಕಿಂತ ಹೆಚ್ಚಾಗಿ ತೀರ್ಪು ಕೇಳಿಸಿಕೊಂಡವನ ಬಳಲಿಕೆ ಇತ್ತು.

ಅವನಿಗೆ ಅಂದು ಹೇಳಿದ್ದು, ಇಲ್ಲಿ ಬಿಡಿಸಿ ಹೇಳಹೊರಟಿರುವುದು ಒಂದೇ ವಿಷಯ. ಎಚ್‌ಐವಿ ತಗುಲಿದೆಯೇ ಎಂಬ ಪ್ರಶ್ನೆಗೆ ನಾಲಿಗೆ, ಕುತ್ತಿಗೆ, ಚರ್ಮ, ಜ್ವರಮಾಪಕ ಇವು ಯಾವುವೂ ಉತ್ತರ ಕೊಡಲಾರವು. ಕೊಡಬಲ್ಲದ್ದು ರಕ್ತಪರೀಕ್ಷೆ ಮಾತ್ರ, ಅದೂ ಸರಿಯಾದ ದಿನಕ್ಕೆ ಮಾಡಿಸಿದಾಗ.

ವೈರಸ್ ಒಳಗೆ ಬರುವ ದಾರಿ

ಎಚ್‌ಐವಿ ಗಾಳಿಯಲ್ಲಿ ಹಾರಿ ಬರುವ ವೈರಸ್ ಅಲ್ಲ. ರಕ್ತ, ವೀರ್ಯ, ವೀರ್ಯಕ್ಕೆ ಮೊದಲು ಸೂಸುವ ದ್ರವ, ಯೋನಿಸ್ರಾವ, ಗುದದ ಒಳಪೊರೆಯ ದ್ರವ, ಎದೆಹಾಲು ಇವುಗಳಲ್ಲಿ ಮಾತ್ರ ಸೋಂಕು ಹರಡುವಷ್ಟು ಪ್ರಮಾಣದಲ್ಲಿ ಇರುತ್ತದೆ. ಅಲ್ಲಿಂದ ಇನ್ನೊಬ್ಬರ ಲೋಳೆಪೊರೆಗೋ ಹಸಿಗಾಯಕ್ಕೋ ನೇರವಾಗಿ ರಕ್ತಕ್ಕೋ ತಲುಪಬೇಕು. ಎಂಜಲು, ಬೆವರು, ಕಣ್ಣೀರು, ಅಪ್ಪುಗೆ, ಶೌಚಾಲಯದ ಆಸನ, ಸೊಳ್ಳೆ ಕಡಿತ ಇವುಗಳಿಂದ ಬರುವುದಿಲ್ಲ. ದೇಹದ ಹೊರಗೆ ಬಿದ್ದ ವೈರಸ್ ಬೇಗನೆ ಶಕ್ತಿ ಕಳೆದುಕೊಳ್ಳುತ್ತದೆ. ಕೈಯಿಂದ ಮುಟ್ಟಿದ್ದು, ಬಟ್ಟೆಯ ಮೇಲಿಂದ ಉಜ್ಜಿದ್ದು, ಮುತ್ತು ಕೊಟ್ಟದ್ದು ನೆನೆದು ನಿದ್ದೆಗೆಡುವವರು ಬಹಳ ಮಂದಿ. ಅವರಿಗೆ ಪರೀಕ್ಷೆಯ ಅಗತ್ಯವೂ ಇಲ್ಲ.

ಇನ್ನು ನಿಜವಾದ ಸಂಭೋಗದ ಲೆಕ್ಕ. ಜೊತೆಗಾರರಿಗೆ ಎಚ್‌ಐವಿ ಇದೆ, ಅವರು ಚಿಕಿತ್ಸೆಯಲ್ಲಿಲ್ಲ, ಕಾಂಡೋಮ್ ಇಲ್ಲ, ಬೇರಾವ ರಕ್ಷಣೆಯೂ ಇಲ್ಲ ಎಂದಿಟ್ಟುಕೊಂಡು ಒಂದು ಸಲದ ಸಂಪರ್ಕಕ್ಕೆ ಎಷ್ಟು ಅಪಾಯ ಎಂಬ ಅಂದಾಜುಗಳಿವೆ. ಯೋನಿ ಸಂಭೋಗದಲ್ಲಿ ಗಂಡಿಗೆ 10,000ಕ್ಕೆ ಸುಮಾರು 4, ಹೆಣ್ಣಿಗೆ ಸುಮಾರು 8. ಗುದ ಸಂಭೋಗದಲ್ಲಿ ಪ್ರವೇಶಿಸುವವರಿಗೆ 10,000ಕ್ಕೆ ಸುಮಾರು 11, ಸ್ವೀಕರಿಸುವವರಿಗೆ ಸುಮಾರು 138. ಗುದದ ಒಳಪೊರೆ ತೀರಾ ತೆಳು, ಬೇಗ ಗೀರುತ್ತದೆ, ವೈರಸ್ಸಿಗೆ ಬೇಕಾದ ಜೀವಕೋಶಗಳೂ ಅಲ್ಲಿ ದಟ್ಟವಾಗಿವೆ. ಹಾಗಾಗಿ ಇಷ್ಟು ಅಂತರ. ಬಾಯಿಯ ಮೂಲಕದ ಸಂಭೋಗದಲ್ಲಿ ಅಪಾಯ ಅತಿ ಕಡಿಮೆ.

ಈ ಅಂಕಿಗಳನ್ನು ಮೊದಲ ಬಾರಿ ಕೇಳಿದವರು ನಂಬುವುದಿಲ್ಲ. ಒಂದೇ ಸಲ ಸಾಕು, ಮುಟ್ಟಿದರೆ ಮುಗಿಯಿತು ಎಂಬ ಚಿತ್ರ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಕುಳಿತಿದೆ. ನೆನಪಿಡಬೇಕಾದ್ದು, ಇದು ಜೊತೆಗಾರರಿಗೆ ಸೋಂಕು ಇದ್ದೇ ಇದೆ ಎಂದುಕೊಂಡು ಹಾಕಿದ ಲೆಕ್ಕ. ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದಾಗ ಆ ಸಾಧ್ಯತೆಯಿಂದಲೂ ಗುಣಿಸಬೇಕು. ಉದಾಹರಣೆಗೆ, ಅಂಥ 200 ಜನರಲ್ಲಿ ಒಬ್ಬರಿಗೆ ಚಿಕಿತ್ಸೆ ಪಡೆಯದ ಸೋಂಕು ಇದೆ ಎಂದಿಟ್ಟುಕೊಳ್ಳೋಣ. ಆಗ ನನ್ನ ಗೆಳೆಯನ ಮಟ್ಟಿಗೆ ಆ ಒಂದು ಸಂಪರ್ಕದ ಅಪಾಯ ಐದು ಲಕ್ಷಕ್ಕೆ ಒಂದು.

ಆದರೂ ಅಂಕಿಯನ್ನು ದಿಂಬು ಮಾಡಿಕೊಂಡು ಮಲಗುವಂತಿಲ್ಲ. ಜನನಾಂಗದಲ್ಲಿ ಹುಣ್ಣು ಅಥವಾ ಬೇರೆ ಲೈಂಗಿಕ ಸೋಂಕು ಇದ್ದರೆ ಅಪಾಯ ಏರುತ್ತದೆ. ಜೊತೆಗಾರರಿಗೆ ಎಚ್‌ಐವಿ ತೀರಾ ಇತ್ತೀಚೆಗೆ ತಗುಲಿದ್ದರೆ ಅವರ ರಕ್ತದಲ್ಲಿ ವೈರಸ್ ಉಕ್ಕುತ್ತಿರುತ್ತದೆ, ಆಗಲೂ ಏರುತ್ತದೆ. ಹತ್ತು ಸಾವಿರಕ್ಕೆ ನಾಲ್ಕು ಎಂದರೆ ಆ ನಾಲ್ಕು ಜನವೂ ಮನುಷ್ಯರೇ. ಅದಕ್ಕೇ ಪರೀಕ್ಷೆ ಬೇಕು ಎನ್ನುವುದು. ಕೂತಲ್ಲಿ ನಿಂತಲ್ಲಿ ಸತ್ತೆ ಎಂದುಕೊಳ್ಳುವುದಕ್ಕೆ ಮಾತ್ರ ಈ ಅಂಕಿಗಳಲ್ಲಿ ಆಧಾರವಿಲ್ಲ.

ಲಕ್ಷಣಗಳು ಏಕೆ ಸಾಕ್ಷಿ ಹೇಳಲಾರವು

ವೈರಸ್ ಲೋಳೆಪೊರೆ ದಾಟಿತು ಎಂದುಕೊಳ್ಳಿ. ಮೊದಲ ಕೆಲವು ದಿನ ಅದು ಅಲ್ಲೇ ಕೈಗೆ ಸಿಕ್ಕ ಜೀವಕೋಶಗಳಲ್ಲಿ ಮೆಲ್ಲಗೆ ಮರಿ ಹಾಕುತ್ತದೆ. ಆಮೇಲೆ ಹತ್ತಿರದ ದುಗ್ಧಗ್ರಂಥಿಗೆ (ಲಿಂಫ್ ಗಂಟಿಗೆ), ಅಲ್ಲಿಂದ ರಕ್ತಕ್ಕೆ ಇಳಿಯುತ್ತದೆ. ಮೊದಲ ಹತ್ತು ದಿನದಷ್ಟು ಕಾಲ ಯಾವ ಪರೀಕ್ಷೆಗೂ ಸಿಗದಷ್ಟು ಕಡಿಮೆ ಇರುತ್ತದೆ. ಪೆಪ್ ಮಾತ್ರೆ ಕೆಲಸ ಮಾಡುವುದು ಈ ಸದ್ದಿಲ್ಲದ ಅವಧಿಯ ಮೊದಲ ಮೂರು ದಿನಗಳ ಲಾಭ ಪಡೆದು. ನಂತರ ವೈರಸ್ ಸಂಖ್ಯೆ ದಿಢೀರನೆ ಏರುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಲಕ್ಷಗಟ್ಟಲೆ, ಕೆಲವೊಮ್ಮೆ ಹತ್ತು ಲಕ್ಷವನ್ನೂ ಮೀರಿ. ದೇಹದ ರೋಗನಿರೋಧಕ ಪಡೆ ಆಗ ಎಚ್ಚೆತ್ತು ಮುಗಿಬೀಳುತ್ತದೆ. ಜ್ವರ, ಗಂಟಲು ನೋವು, ಮೈಮೇಲೆ ಕೆಂಪು ಗುಳ್ಳೆಗಳು, ಕುತ್ತಿಗೆ ಕಂಕುಳ ತೊಡೆಸಂದಿಗಳಲ್ಲಿ ಗಂಟು, ಮೈಕೈ ನೋವು, ರಾತ್ರಿ ಬೆವರು, ಬಾಯಿಹುಣ್ಣು ಎಲ್ಲ ಈ ಕಾದಾಟದ ಫಲ. ಇವು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ನಡುವೆ. ಕೆಲವು ದಿನಗಳಿಂದ ಕೆಲವು ವಾರ ಇದ್ದು ತಾವಾಗಿಯೇ ಹೋಗುತ್ತವೆ.

ಇದರಿಂದ ಎರಡು ವಿಷಯ ಸ್ಪಷ್ಟ. ಸಂಪರ್ಕವಾದ ಮರುದಿನವೋ ಮೂರನೆಯ ದಿನವೋ ಬಂದ ಜ್ವರಕ್ಕೂ ಎಚ್‌ಐವಿಗೂ ಸಂಬಂಧವಿಲ್ಲ, ಏಕೆಂದರೆ ಆ ಹೊತ್ತಿಗೆ ದೇಹಕ್ಕೆ ಶತ್ರು ಬಂದದ್ದೇ ಗೊತ್ತಿರುವುದಿಲ್ಲ. ಹಾಗೆಯೇ, ಮೂರನೆಯ ವಾರದ ಜ್ವರ ನಿಜವಾಗಿ ಎಚ್‌ಐವಿಯದೇ ಆಗಿದ್ದರೆ ಅಷ್ಟು ಹೊತ್ತಿಗೆ ರಕ್ತದ ತುಂಬ ವೈರಸ್ ಇರಬೇಕು. ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎಯನ್ನೇ ಹುಡುಕುವ ಪರೀಕ್ಷೆಗೆ ಅದು ಸಿಕ್ಕಿಬೀಳುತ್ತದೆ. ಲಕ್ಷಣ ಜೋರಾಗಿದ್ದರೆ ವೈದ್ಯರಿಗೆ ದಿನಾಂಕ ಸಹಿತ ಹೇಳಿ ಆ ಪರೀಕ್ಷೆಯ ಬಗ್ಗೆ ಕೇಳುವುದು ಸರಿಯಾದ ದಾರಿ.

ಇಷ್ಟಾದರೂ ಲಕ್ಷಣಗಳಿಂದ ಏನನ್ನೂ ಹೇಳಲಾಗುವುದಿಲ್ಲ. ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ಓದಿ. ಫ್ಲೂ ಬಂದರೂ ಇದೇ ಪಟ್ಟಿ, ಡೆಂಗಿಗೂ ಬಹುಪಾಲು ಇದೇ, ಸಾಮಾನ್ಯ ವೈರಲ್ ಜ್ವರಕ್ಕೂ ಇದೇ. ಎಚ್‌ಐವಿಗೇ ಮೀಸಲಾದ ಒಂದೇ ಒಂದು ಲಕ್ಷಣ ಇಲ್ಲ. ಇನ್ನೊಂದು ಕಡೆ, ಸೋಂಕು ತಗುಲಿದವರಲ್ಲಿ ಎಷ್ಟೋ ಮಂದಿಗೆ ಈ ಹಂತದಲ್ಲಿ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಆರೋಗ್ಯವಾಗಿಯೇ ಓಡಾಡುತ್ತಾರೆ. ಲಕ್ಷಣ ಇದ್ದರೆ ಸೋಂಕು ಎಂದಲ್ಲ, ಇಲ್ಲದಿದ್ದರೆ ಸೋಂಕಿಲ್ಲ ಎಂದೂ ಅಲ್ಲ. ಎರಡೂ ಕಡೆ ಸುಳ್ಳಾಡುವ ಸಾಕ್ಷಿಯನ್ನು ಕಟಕಟೆಗೆ ಕರೆದು ಪ್ರಯೋಜನವೇನು?

ಅದಕ್ಕಿಂತ ಮುಖ್ಯವಾದದ್ದು, ಭಯವೇ ಲಕ್ಷಣಗಳನ್ನು ಹುಟ್ಟಿಸುತ್ತದೆ. "ಎಲ್ಲ ನಿನ್ನ ಕಲ್ಪನೆ" ಎಂದು ತಳ್ಳಿಹಾಕುವ ಮಾತಲ್ಲ ಇದು. ಅವು ನಿಜವಾದ ಲಕ್ಷಣಗಳೇ. ಆತಂಕದಲ್ಲಿ ಅಡ್ರಿನಲಿನ್ ಏರಿದಾಗ ಎದೆ ಬಡಿದುಕೊಳ್ಳುತ್ತದೆ, ಬೆವರು ಒಡೆಯುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆ ಕೆಡುತ್ತದೆ, ಸ್ನಾಯುಗಳು ಬಿಗಿದು ಮೈ ನೋಯುತ್ತದೆ. ನಿದ್ದೆಯಿಲ್ಲದೆ ಸುಸ್ತು, ತಲೆನೋವು. ಬಾಯಿ ಒಣಗಿ, ಊಟ ಸೇರದೆ ಹೋದರೆ ನಾಲಿಗೆಯ ಮೇಲೆ ಬಿಳಿ ಪದರ ಕೂರುತ್ತದೆ. ದೇಹದ ಉಷ್ಣಾಂಶ ಆರೋಗ್ಯವಂತರಲ್ಲೂ ಬೆಳಿಗ್ಗೆ ಇಳಿದು ಸಂಜೆ ಏರುತ್ತದೆ. ನನ್ನ ಗೆಳೆಯನ ಚೀಟಿಯಲ್ಲಿದ್ದ 37.3 ಜ್ವರವೇ ಅಲ್ಲ. ಕುತ್ತಿಗೆಯ ಗಂಟಂತೂ ಬಹಳಷ್ಟು ಜನರಲ್ಲಿ ಹಿಂದೆಂದೋ ಬಂದು ಹೋದ ನೆಗಡಿ, ಹಲ್ಲುನೋವುಗಳಿಂದ ಉಳಿದುಕೊಂಡಿರುತ್ತದೆ. ಇಷ್ಟು ದಿನ ಮುಟ್ಟಿ ನೋಡಿರಲಿಲ್ಲ, ಈಗ ನೋಡುತ್ತಿದ್ದೇವೆ. ದಿನಕ್ಕೆ ನಲವತ್ತು ಸಲ ಒತ್ತಿದರೆ ಯಾವ ಗಂಟಾದರೂ ನೋಯದೆ ಇರುತ್ತದೆಯೇ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇದೆಯಲ್ಲ, ಈ ಭಯದ ಒಳಗುಟ್ಟು ಅದರಲ್ಲಿದೆ. ಮದುವೆಯಾಚೆಯ ಸಂಬಂಧ, ಹಣ ಕೊಟ್ಟು ಪಡೆದ ಸಂಗ, ಗಂಡಸು ಗಂಡಸಿನ ಜೊತೆ ಕಳೆದ ರಾತ್ರಿ, ಅಥವಾ ಮೊದಲ ಅನುಭವವೇ. ಯಾವುದರ ಬಗ್ಗೆ ಯಾರಿಗೂ ಹೇಳಲಾರೆವೋ ಅದರ ನಂತರವೇ ಈ ಭಯ ಹೆಚ್ಚು ಕಚ್ಚುತ್ತದೆ. ವರ್ಷಗಳಿಂದ ಜೊತೆಗಿರುವ ಸಂಗಾತಿಯ ಜೊತೆ ಕಾಂಡೋಮ್ ಹರಿದರೆ ಯಾರೂ ನಾಲಿಗೆ ನೋಡಿಕೊಳ್ಳುವುದಿಲ್ಲ. ಅಂದರೆ ನಾವು ವೈರಸ್ಸನ್ನು ಹುಡುಕುತ್ತಿಲ್ಲ, ಶಿಕ್ಷೆಯನ್ನು ಹುಡುಕುತ್ತಿದ್ದೇವೆ. ವೈರಸ್ಸಿಗೆ ಪಾಪಪುಣ್ಯದ ಲೆಕ್ಕ ಗೊತ್ತಿಲ್ಲ. ಮನಸ್ಸಿಗೆ ಚುಚ್ಚುತ್ತಿರುವುದು ಏನೇ ಇರಲಿ, ಅದನ್ನು ಬೇರೆಯಾಗಿ ಎತ್ತಿಟ್ಟು ನೋಡಬೇಕು. ಎರಡನ್ನೂ ಕಲಸಿದರೆ ಪರೀಕ್ಷೆಯ ವರದಿಗೂ ಅದನ್ನು ಬಿಡಿಸುವ ಶಕ್ತಿ ಇರುವುದಿಲ್ಲ.

ಯಾವ ಪರೀಕ್ಷೆ, ಯಾವ ದಿನ

ಸೋಂಕು ತಗುಲಿದ ದಿನದಿಂದ ಪರೀಕ್ಷೆಗೆ ಸಿಕ್ಕುವ ದಿನದವರೆಗಿನ ಅಂತರವನ್ನು ಗವಾಕ್ಷಿ ಅವಧಿ ಎನ್ನುತ್ತಾರೆ, ವಿಂಡೋ ಅವಧಿ ಎಂದೂ ಕರೆಯುವುದುಂಟು. ಎಲ್ಲ ಪರೀಕ್ಷೆಗಳಿಗೂ ಇದು ಒಂದೇ ಅಲ್ಲ, ಏಕೆಂದರೆ ಒಂದೊಂದು ಪರೀಕ್ಷೆ ಒಂದೊಂದನ್ನು ಹುಡುಕುತ್ತದೆ. ಆರ್‌ಎನ್‌ಎ ಪರೀಕ್ಷೆ ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವುದರಿಂದ ಎಲ್ಲಕ್ಕಿಂತ ಬೇಗ, 10ರಿಂದ 33 ದಿನಗಳ ನಡುವೆ ಹಿಡಿಯಬಲ್ಲದು. ನಾಲ್ಕನೆಯ ತಲೆಮಾರಿನ ಪರೀಕ್ಷೆ ಪಿ24 ಎಂಬ ವೈರಸ್ಸಿನ ಪ್ರೋಟೀನನ್ನೂ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನೂ ಒಟ್ಟಿಗೆ ನೋಡುತ್ತದೆ. ರಕ್ತನಾಳದಿಂದ ತೆಗೆದ ರಕ್ತವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ 18ರಿಂದ 45 ದಿನ. ಅದೇ ಬಗೆಯ ಪರೀಕ್ಷೆಯನ್ನು ಬೆರಳ ತುದಿಯ ಹನಿಯಿಂದ ಮಾಡಿದರೆ 18ರಿಂದ 90 ದಿನ. ಪ್ರತಿಕಾಯಗಳನ್ನು ಮಾತ್ರ ನೋಡುವ ಕಿಟ್‌ಗಳು, ಮನೆಯಲ್ಲೇ ಮಾಡಿಕೊಳ್ಳುವ ಬಹುಪಾಲು ಕಿಟ್‌ಗಳೂ ಸೇರಿ, 23ರಿಂದ 90 ದಿನ ಕೇಳುತ್ತವೆ.

ಇಲ್ಲಿ ಎರಡು ಅಂಕಿ ಏಕಿವೆ ಎಂಬುದು ತಿಳಿದರೆ ಅರ್ಧ ಗೊಂದಲ ಹೋಯಿತು. ಮೊದಲನೆಯದು, ಪರೀಕ್ಷೆ ಸೋಂಕನ್ನು ಹಿಡಿಯಲು ಆರಂಭಿಸಬಹುದಾದ ದಿನ. ಎರಡನೆಯದು, ಹೆಚ್ಚುಕಡಿಮೆ ಎಲ್ಲರಲ್ಲೂ ಹಿಡಿದುಬಿಡುವ ದಿನ. 20ನೆಯ ದಿನದ ನೆಗೆಟಿವ್ ಒಳ್ಳೆಯ ಸುದ್ದಿ, ಆದರೆ ಕೊನೆಯ ಸುದ್ದಿಯಲ್ಲ. ರಕ್ತನಾಳದ ರಕ್ತದಿಂದ ಪ್ರಯೋಗಾಲಯದಲ್ಲಿ ಮಾಡಿದ ನಾಲ್ಕನೆಯ ತಲೆಮಾರಿನ ಪರೀಕ್ಷೆ 45 ದಿನ ಕಳೆದ ಮೇಲೂ ನೆಗೆಟಿವ್ ಬಂದರೆ ಆ ಸಂಪರ್ಕದ ಮಟ್ಟಿಗೆ ವಿಷಯ ಮುಗಿಯಿತು. ಪ್ರತಿಕಾಯದ ಕಿಟ್ ಆದರೆ 90 ದಿನ. ಹಾಗಾಗಿ ವರದಿ ಕೈಗೆ ಬಂದಾಗ ನೆಗೆಟಿವ್ ಎಂಬ ಪದದ ಜೊತೆಗೆ ಯಾವ ಪರೀಕ್ಷೆ ಎಂಬುದನ್ನೂ ಓದಿ, ಗೊತ್ತಾಗದಿದ್ದರೆ ಅಲ್ಲೇ ಕೇಳಿ. ಪೆಪ್ ತೆಗೆದುಕೊಂಡವರ ಲೆಕ್ಕ ಸ್ವಲ್ಪ ಬೇರೆ: ಮಾತ್ರೆಯಿಂದ ಪರೀಕ್ಷೆಯ ಫಲ ತಡವಾಗಬಹುದು, ಅದಕ್ಕೇ ಅವರನ್ನು ಮೂರು ತಿಂಗಳವರೆಗೆ ವೈದ್ಯರು ಮತ್ತೆ ಮತ್ತೆ ಕರೆಯುತ್ತಾರೆ. ಸೋಂಕು ಬಾರದಂತೆ ಮುಂಚಿತವಾಗಿಯೇ ಪ್ರೆಪ್ ಔಷಧಿ ಬಳಸುತ್ತಿರುವವರೂ ಪರೀಕ್ಷೆಯ ಹೊತ್ತಿನಲ್ಲಿ ಅದನ್ನು ಹೇಳಬೇಕು.

ರ್‍ಯಾಪಿಡ್ ಕಿಟ್ ಎದುರಿಗೆ ಕೂರುವ ಆ ಹದಿನೈದು ಇಪ್ಪತ್ತು ನಿಮಿಷದ ಬಗ್ಗೆ ಒಂದಿಷ್ಟು ಹೇಳಲೇಬೇಕು. ಬೆರಳ ತುದಿಗೆ ಸೂಜಿ ಚುಚ್ಚಿ, ಮೊದಲ ಹನಿ ಒರೆಸಿ, ಎರಡನೆಯ ಹನಿಯನ್ನು ಕಿಟ್‌ನ ಗುಳಿಗೆ ಬಿಟ್ಟು, ಮೇಲೆ ದ್ರಾವಣ ಹಾಕುತ್ತಾರೆ. ತೇವ ಬಿಳಿ ಪಟ್ಟಿಯ ಮೇಲೆ ತೆವಳುತ್ತಾ ಹೋಗುತ್ತದೆ. ಸಿ ಅಕ್ಷರದ ಎದುರು ಒಂದು ಗೆರೆ ಮೂಡುತ್ತದೆ. ಅದನ್ನು ನೋಡಿ ಎದೆ ಧಸಕ್ಕೆಂದವರಿದ್ದಾರೆ, ಆದರೆ ಆ ಗೆರೆ ಹೇಳುವುದು ಕಿಟ್ ಸರಿಯಾಗಿ ಕೆಲಸ ಮಾಡಿದೆ ಎಂದು ಮಾತ್ರ. ಅದು ಮೂಡದಿದ್ದರೇ ಪರೀಕ್ಷೆ ಅಸಿಂಧು. ಸೋಂಕಿನ ಸುಳಿವು ಕೊಡುವ ಗೆರೆ ಬೇರೆ. ಕಿಟ್‌ನಲ್ಲಿ ಹೇಳಿದ ಹೊತ್ತಿಗೆ ಫಲಿತಾಂಶ ಓದಿ ಅದನ್ನು ಎಸೆದುಬಿಡಬೇಕು. ಮನೆಗೆ ತಂದು, ಗಂಟೆಗಟ್ಟಲೆ ಆದಮೇಲೆ ದೀಪದಡಿ ಓರೆ ಹಿಡಿದು ನೋಡಿದರೆ ಒಣಗಿದ ಪಟ್ಟಿಯ ಮೇಲೆ ಏನಾದರೂ ಛಾಯೆ ಕಂಡೇ ಕಾಣುತ್ತದೆ; ಅದಕ್ಕೆ ಬೆಲೆಯಿಲ್ಲ.

ಮೊದಲ ಕಿಟ್‌ನಲ್ಲಿ ಪಾಸಿಟಿವ್ ಬಂದರೂ ಅದೊಂದನ್ನೇ ನಂಬಿ ಯಾರಿಗೂ ಎಚ್‌ಐವಿ ಇದೆ ಎಂದು ಹೇಳುವುದಿಲ್ಲ. ಕಾರಣ ಸರಳ ಲೆಕ್ಕದಲ್ಲಿದೆ. ಸೋಂಕಿಲ್ಲದ ಸಾವಿರ ಜನರಲ್ಲಿ ಐದು ಮಂದಿಗೆ ತಪ್ಪಾಗಿ ಪಾಸಿಟಿವ್ ತೋರುವ ಕಿಟ್ ಒಂದಿದೆ ಎಂದುಕೊಳ್ಳಿ. ಸಾವಿರ ಜನರ ಗುಂಪಿನಲ್ಲಿ ನಿಜವಾಗಿ ಸೋಂಕಿರುವವರು ಇಬ್ಬರು. ಆಗ ಪಾಸಿಟಿವ್ ಬಂದವರು ಏಳು ಜನ, ಅದರಲ್ಲಿ ಐವರಿಗೆ ಏನೂ ಇಲ್ಲ. ಕಿಟ್ ಕೆಟ್ಟದ್ದಲ್ಲ; ಅಪರೂಪದ್ದನ್ನು ಹುಡುಕುವಾಗ ಹೀಗೇ ಆಗುವುದು. ಅದಕ್ಕಾಗಿ ಬೇರೆ ಬಗೆಯ ಪರೀಕ್ಷೆಗಳಿಂದ ಮತ್ತೆ ಖಚಿತಪಡಿಸಿಕೊಂಡೇ ಫಲಿತಾಂಶ ಹೇಳುತ್ತಾರೆ. ಮನೆಯಲ್ಲಿ ಒಬ್ಬರೇ ಕಿಟ್ ತೆರೆದು ಎರಡು ಗೆರೆ ಕಂಡವರು ಈ ಲೆಕ್ಕವನ್ನು ನೆನಪಿಟ್ಟುಕೊಂಡು ಅಂದೇ ಪರೀಕ್ಷಾ ಕೇಂದ್ರಕ್ಕೆ ಹೋಗಬೇಕು.

ಕೇಂದ್ರದಲ್ಲಿ ಏನು ಹೇಳುವುದು ಎಂಬ ಅಳುಕಿನಲ್ಲೇ ವಾರಗಳು ಕಳೆದುಹೋಗುತ್ತವೆ. ಆಪ್ತಸಮಾಲೋಚಕರಿಗೆ ಮುಖ್ಯವಾಗಿ ಬೇಕಾದದ್ದು ಮೂರು: ಯಾವ ದಿನ, ಯಾವ ಬಗೆಯ ಸಂಪರ್ಕ, ಕಾಂಡೋಮ್ ಇತ್ತೇ. ಏಕೆ ಹೋದಿರಿ, ಮನೆಯವರಿಗೆ ಗೊತ್ತೇ ಎಂಬುದು ಅವರ ಪ್ರಶ್ನೆಯಲ್ಲ. ಯಾರಾದರೂ ಉಪದೇಶ ಮಾಡಲು ಹೊರಟರೆ ಅದು ಅವರ ತಪ್ಪು, ನೀವು ಇನ್ನೊಂದು ಕೇಂದ್ರಕ್ಕೆ ಹೋಗಿ. ಪರೀಕ್ಷೆ ಮಾತ್ರ ಬಿಡಬೇಡಿ. ಉತ್ತರ ಸಿಗುವವರೆಗೆ ಸಂಗಾತಿಯ ಜೊತೆ ಕಾಂಡೋಮ್ ಬಳಸಿ, ರಕ್ತದಾನ ಮಾಡಬೇಡಿ. ಪರೀಕ್ಷೆಯಾಗಲಿ ಎಂಬ ಉದ್ದೇಶಕ್ಕೇ ರಕ್ತ ಕೊಟ್ಟು ಬರುವವರೂ ಇದ್ದಾರೆ. ಅದು ತೀರಾ ತಪ್ಪು, ಏಕೆಂದರೆ ಗವಾಕ್ಷಿ ಅವಧಿಯ ರಕ್ತ ಪರೀಕ್ಷೆ ದಾಟಿ ಇನ್ನೊಬ್ಬರ ಮೈಸೇರಬಹುದು.

ನೆಗೆಟಿವ್ ಬಂದರೂ ನಂಬದ ಮನಸ್ಸು

ಹೆಚ್ಚಿನವರಿಗೆ ಕೊನೆಯ ವರದಿ ಬಂದ ದಿನ ಭಯ ಇಳಿಯುತ್ತದೆ. ಕೆಲವರಿಗೆ ಇಳಿಯುವುದಿಲ್ಲ. ಒಂದು ದಿನ, ಎರಡು ದಿನ ಹಗುರ, ಆಮೇಲೆ ಹೊಸ ಅನುಮಾನ: ರಕ್ತದ ಸೀಸೆ ಅದಲುಬದಲಾಗಿದ್ದರೆ? ನನ್ನ ದೇಹ ಪ್ರತಿಕಾಯ ತಯಾರಿಸುವುದು ನಿಧಾನವಾಗಿದ್ದರೆ? ಆ ಕಿಟ್ ಹಿಡಿಯದ ತಳಿಯಾಗಿದ್ದರೆ? ಇನ್ನೊಂದು ಪರೀಕ್ಷೆ, ಇನ್ನೊಂದು ನೆಗೆಟಿವ್, ಮತ್ತೆ ಎರಡು ದಿನ ಹಗುರ. ಒಂದೇ ಸಂಪರ್ಕಕ್ಕೆ ಹತ್ತು ಹನ್ನೆರಡು ಸಲ ಪರೀಕ್ಷೆ ಮಾಡಿಸಿಕೊಂಡವರನ್ನು ಕಂಡರೆ ಕರುಳು ಚುರುಕ್ ಎನ್ನುತ್ತದೆ. ಅವರು ಹಟಮಾರಿಗಳೂ ಅಲ್ಲ, ದಡ್ಡರೂ ಅಲ್ಲ. ಪ್ರತಿ ಪರೀಕ್ಷೆಯೂ ಪ್ರತಿ ಹುಡುಕಾಟವೂ ಒಂದು ಗಳಿಗೆ ಸಮಾಧಾನ ಕೊಡುತ್ತದೆ. ಆ ಸಮಾಧಾನದ ರುಚಿ ಹತ್ತಿದ ಮನಸ್ಸು ಇನ್ನಷ್ಟು ಬೇಗ ಮತ್ತೆ ಕೇಳುತ್ತದೆ. ತುರಿಕೆಗೆ ಉಗುರು ಹಾಕಿದ ಹಾಗೆ, ಕೆರೆದಷ್ಟೂ ತುರಿಕೆ.

ಸರಿಯಾದ ದಿನಕ್ಕೆ ಮಾಡಿಸಿದ ಪರೀಕ್ಷೆ ನೆಗೆಟಿವ್ ಬಂದ ನಂತರವೂ ಭಯ ಉಳಿದರೆ, ಚಿಕಿತ್ಸೆ ಬೇಕಿರುವುದು ಭಯಕ್ಕೆ. ಮನೋವೈದ್ಯರು ಇದನ್ನು ಆರೋಗ್ಯದ ಆತಂಕ ಎಂದೋ, ಗೀಳಿನ ಒಂದು ರೂಪ ಎಂದೋ ಗುರುತಿಸುತ್ತಾರೆ. ಯೋಚನೆಯ ಜಾಡನ್ನೂ ನಡವಳಿಕೆಯನ್ನೂ ಹಂತಹಂತವಾಗಿ ಬದಲಿಸುವ ಅರಿವಿನ ವರ್ತನಾ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವರಿಗೆ ಔಷಧಿಯೂ ಬೇಕಾಗುತ್ತದೆ. ವೈದ್ಯರ ಬಳಿಗೆ ಹೋಗುವ ಮೊದಲೇ ಮಾಡಬಹುದಾದದ್ದೂ ಇದೆ. ಕುತ್ತಿಗೆ ಮುಟ್ಟಬೇಕು ಎನಿಸಿದಾಗ ಅರ್ಧ ಗಂಟೆ ಮುಂದೂಡಿ. ಮರುದಿನ ಒಂದು ಗಂಟೆ. ಜ್ವರಮಾಪಕವನ್ನು ಮನೆಯ ಬೇರೆಯವರ ಕೈಗೆ ಕೊಡಿ. ರಾತ್ರಿ ಮೊಬೈಲಿನಲ್ಲಿ ಲಕ್ಷಣ ಹುಡುಕುವುದನ್ನು ನಿಲ್ಲಿಸಿ. ಅಲ್ಲಿ ಸಿಗುವುದೆಲ್ಲ ಇನ್ನೊಬ್ಬ ನಿದ್ದೆಗೆಟ್ಟವರ ಭಯ. ಬದುಕುವುದೇ ಬೇಡ ಎಂಬ ಯೋಚನೆ ಸುಳಿದರಂತೂ ಪರೀಕ್ಷೆಯ ದಿನಕ್ಕೆ ಕಾಯಬೇಡಿ, ಆ ಗಳಿಗೆಯಲ್ಲೇ ನಂಬಿಕಸ್ಥರೊಬ್ಬರಿಗೆ ಹೇಳಿ, ವೈದ್ಯರನ್ನು ಕಾಣಿ.

ಅಂಥ ಯೋಚನೆ ಬರುವುದಕ್ಕೆ ಒಂದು ಹಳೆಯ ಕಾರಣವಿದೆ. 1981ರಲ್ಲಿ ಈ ಕಾಯಿಲೆಯ ಮೊದಲ ವರದಿಗಳು ಬಂದಾಗ, ಅದರ ನಂತರ ಸುಮಾರು ಹದಿನೈದು ವರ್ಷ, ಎಚ್‌ಐವಿ ಎಂದರೆ ಸಾವು ಎಂಬುದು ಹೆಚ್ಚುಕಡಿಮೆ ನಿಜವೇ ಆಗಿತ್ತು. ಗೋಡೆಗಳ ಮೇಲಿನ ತಲೆಬುರುಡೆಯ ಚಿತ್ರಗಳು ಆ ಕಾಲದವು. 1996ರ ಹೊತ್ತಿಗೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದು ಎಲ್ಲ ಬದಲಾಯಿತು. ನಮ್ಮ ಭಯ ಮಾತ್ರ ಅದಕ್ಕೂ ಹಿಂದಿನ ಕಾಲದಲ್ಲೇ ನಿಂತಿದೆ. ಇಂದು ಜಗತ್ತಿನಲ್ಲಿ ಸುಮಾರು 4 ಕೋಟಿ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ, ಅವರಲ್ಲಿ ಹೆಚ್ಚಿನವರು ಎಆರ್‌ಟಿ ಎಂಬ ಈ ಚಿಕಿತ್ಸೆಯಲ್ಲಿದ್ದಾರೆ. ಬೇಗ ಪತ್ತೆಯಾಗಿ ದಿನವೂ ಮಾತ್ರೆ ನುಂಗಿದವರು ಉಳಿದವರಷ್ಟೇ ಕಾಲ ಬದುಕಬಲ್ಲರು, ಸೋಂಕಿಲ್ಲದ ಮಕ್ಕಳನ್ನು ಪಡೆಯಬಲ್ಲರು. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದವರಿಂದ ಸಂಭೋಗದ ಮೂಲಕ ಸೋಂಕು ಹರಡುವುದಿಲ್ಲ. ಇದು ಸಮಾಧಾನದ ಮಾತಲ್ಲ. 2019ರಲ್ಲಿ ಪ್ರಕಟವಾದ ಪಾರ್ಟ್‌ನರ್ 2 ಅಧ್ಯಯನದಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 782 ಪುರುಷ ಜೋಡಿಗಳನ್ನು ಗಮನಿಸಲಾಯಿತು. ಕಾಂಡೋಮ್ ಇಲ್ಲದ ಸುಮಾರು 76,000 ಸಂಭೋಗಗಳಲ್ಲಿ ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಒಬ್ಬರಿಗೂ ಸೋಂಕು ದಾಟಲಿಲ್ಲ.

ಎಚ್‌ಐವಿ ಒಂದನ್ನೇ ದಿಟ್ಟಿಸುತ್ತಾ ಕುಳಿತವರು ಪಕ್ಕದಲ್ಲೇ ಇರುವುದನ್ನು ಮರೆಯುತ್ತಾರೆ. ಗೊನೊರಿಯಾ, ಕ್ಲಮೈಡಿಯಾ, ಸಿಫಿಲಿಸ್, ಹರ್ಪಿಸ್ ಎಚ್‌ಐವಿಗಿಂತ ಎಷ್ಟೋ ಸುಲಭವಾಗಿ ಹರಡುತ್ತವೆ. ಗೊನೊರಿಯಾ ಗಂಡಸರಲ್ಲಿ ಸಾಮಾನ್ಯವಾಗಿ ಒಂದು ವಾರದೊಳಗೆ ಉರಿಮೂತ್ರ, ಕೀವು ತೋರಿಸುತ್ತದೆ. ಸಿಫಿಲಿಸ್ ಸುಮಾರು ಮೂರು ವಾರಕ್ಕೆ ನೋವಿಲ್ಲದ ಒಂದು ಹುಣ್ಣಾಗಿ ಬಂದು ತಾನಾಗಿಯೇ ಮಾಯುತ್ತದೆ, ವಾಸಿಯಾಯಿತೆಂದು ನಾವು ಸುಮ್ಮನಾಗುತ್ತೇವೆ, ಅದು ಒಳಗೇ ಉಳಿಯುತ್ತದೆ. ಕ್ಲಮೈಡಿಯಾ ಬಹುಪಾಲು ಜನರಲ್ಲಿ ಬಾಯೇ ಬಿಡುವುದಿಲ್ಲ. ಹರ್ಪಿಸ್ ಒಂದನ್ನು ಹತೋಟಿಯಲ್ಲಿ ಮಾತ್ರ ಇಡಬಹುದು. ಉಳಿದ ಮೂರೂ ಆಂಟಿಬಯೋಟಿಕ್‌ನಿಂದ ಗುಣವಾಗುತ್ತವೆ. ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಗರ್ಭ ನಿಲ್ಲುವ ಸಾಧ್ಯತೆ ಇದ್ದರೆ ತುರ್ತು ಗರ್ಭನಿರೋಧಕಕ್ಕೂ ಮೊದಲ ಮೂರರಿಂದ ಐದು ದಿನದ ಗಡುವಿದೆ, ಅದೂ ಬೇಗ ತೆಗೆದುಕೊಂಡಷ್ಟು ಒಳ್ಳೆಯದು.

ನನ್ನ ಗೆಳೆಯನಿಗೂ ಹೀಗೇ ಆಯಿತು. ಆ ರಾತ್ರಿ ಅವನು ನಾಲಿಗೆ, ಗಂಟು, ಜ್ವರ ಎಲ್ಲ ಹೇಳಿದ್ದ. ಮೂತ್ರ ಮಾಡುವಾಗ ಹತ್ತು ದಿನದಿಂದ ಸಣ್ಣಗೆ ಉರಿಯುತ್ತಿದೆ ಎಂಬುದನ್ನು ಹೇಳಿರಲಿಲ್ಲ. ನೀರು ಕಡಿಮೆ ಕುಡಿದಿದ್ದೇನೆ ಎಂದುಕೊಂಡಿದ್ದನಂತೆ. ಅದನ್ನು ಹೊರತೆಗೆದದ್ದು ಪರೀಕ್ಷಾ ಕೇಂದ್ರದ ಆಪ್ತಸಮಾಲೋಚಕಿ. 46ನೆಯ ದಿನ ಎಚ್‌ಐವಿ ನೆಗೆಟಿವ್ ಬಂತು. ಅದಕ್ಕೂ ಎಷ್ಟೋ ದಿನ ಮೊದಲೇ ಮೂತ್ರದಲ್ಲಿ ಕ್ಲಮೈಡಿಯಾ ಸಿಕ್ಕಿ, ಏಳು ದಿನದ ಮಾತ್ರೆಯಲ್ಲಿ ಉರಿ ನಿಂತಿತ್ತು. ಆದರೆ ಮಾತ್ರೆ ಬರೆದುಕೊಟ್ಟ ವೈದ್ಯರು, ಕಾಂಡೋಮ್ ಹರಿದ ರಾತ್ರಿ ಜೊತೆಗಿದ್ದ ಹೆಣ್ಣಿಗೂ ತಿಳಿಸಬೇಕು ಎಂದಿದ್ದರು. ಹೆಂಗಸರಲ್ಲಿ ಇದು ಸದ್ದಿಲ್ಲದೆ ಉಳಿದು ಗರ್ಭನಾಳಗಳನ್ನು ಕೆಡಿಸಬಹುದು. ಅವನೋ ಮರುದಿನವೇ ಆಕೆಯ ನಂಬರನ್ನು ಮೊಬೈಲಿನಿಂದ ಅಳಿಸಿಹಾಕಿದ್ದ. ಪರಿಚಯದವರೊಬ್ಬರಿಂದ ಮತ್ತೆ ಪಡೆದುಕೊಂಡು, ಎರಡು ದಿನ ಮಾತು ಜೋಡಿಸಿಕೊಂಡು ಕೊನೆಗೂ ಫೋನ್ ಮಾಡಿದ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ರಾತ್ರಿಯಿಂದ ತಾನೂ ಸರಿಯಾಗಿ ಮಲಗಿಲ್ಲ ಎಂದಳು. ಅದಕ್ಕೆ ಎರಡು ತಿಂಗಳ ಮೊದಲು ಮಾಡಿಸಿದ್ದ ತನ್ನ ಎಚ್‌ಐವಿ ವರದಿಯ ಚಿತ್ರವನ್ನು ಕಳುಹಿಸಿದಳು. ಕ್ಲಮೈಡಿಯಾ ಪರೀಕ್ಷೆ ಎಲ್ಲಿ ಮಾಡಿಸಿದೆ, ಅಲ್ಲಿ ಹೆಂಗಸರು ಕುಳಿತಿರುತ್ತಾರೆಯೇ ಎಂದು ಕೇಳಿದಳು. ಅವನು ಆಪ್ತಸಮಾಲೋಚಕಿ ಇರುವ ಹೊತ್ತನ್ನು ವಿಚಾರಿಸಿ ತಿಳಿಸಿದ.